ಹೆಸರಿಲ್ಲದ ಗಾಜು

ಹಳೆಯ ಮನೆಗಳ ನಡುಮನೆಯಲ್ಲಿ, ಬಾಗಿಲಿನ ಮೇಲ್ಗಡೆ, ಸ್ವಲ್ಪ ಮುಂದಕ್ಕೆ ಬಾಗಿಸಿ ತೂಗುಹಾಕಿದ ದೊಡ್ಡ ಭಾವಚಿತ್ರವೊಂದಿರುವುದು ವಾಡಿಕೆ. ಜರಿಪೇಟ ಧರಿಸಿ, ಬೆಳ್ಳಿಯ ಹಿಡಿಯ ಬೆತ್ತವನ್ನು ಮೊಣಕಾಲಿಗೆ ಒರಗಿಸಿಕೊಂಡು ಕುಳಿತ ಮುತ್ತಜ್ಜ. ಕುಳಿತುಕೊಳ್ಳಬೇಕೋ ನಿಲ್ಲಬೇಕೋ ಎಂಬ ಸಂದೇಹ ಇನ್ನೂ ತೀರದವರಂತೆ ಕುರ್ಚಿಯ ಬೆನ್ನಿಗೆ ಕೈಯಾನಿಸಿ ನಿಂತ ಮುತ್ತಜ್ಜಿ. ಮುಖಗಳಲ್ಲಿ ನಗುವಿಲ್ಲ. ಆದರೆ ಹತ್ತಿರ ಹೋಗಿ ನೋಡಿದರೆ ಪೇಟದ ಜರಿಯ ಎಳೆಗಳು ಬಿಡಿಬಿಡಿಯಾಗಿ ಕಾಣುತ್ತವೆ. ಮೂಗುಬೊಟ್ಟಿನ ಹರಳುಗಳನ್ನು ಎಣಿಸಬಹುದು. ಚಿತ್ರ ತೆಗೆದ ಸ್ಟುಡಿಯೋದ ಹೆಸರು ರಟ್ಟಿನ ಕೆಳಅಂಚಿನಲ್ಲಿ ಅಚ್ಚಾಗಿರುವುದುಂಟು. ಯಾವ ಮಸೂರದ ಮೂಲಕ ಆ ಮುಖಗಳು ಒಳಹೊಕ್ಕವೆಂಬುದನ್ನು ಮಾತ್ರ ಯಾರೂ ಬರೆದಿಡಲಿಲ್ಲ. ಮನೆಯವರು ಕೇಳಲೂ ಇಲ್ಲ.

ಆ ಮಸೂರಗಳೆಲ್ಲ ಎಲ್ಲಿಗೆ ಹೋದವು? ಸ್ಟುಡಿಯೋಗಳು ಒಂದೊಂದಾಗಿ ಮುಚ್ಚಿದಂತೆ ಕೆಲವು ಅಟ್ಟವನ್ನು ಸೇರಿದವು, ಕೆಲವು ಗುಜರಿಯವನ ಗೋಣಿಯನ್ನು. ಹಿತ್ತಾಳೆಯ ತೂಕಕ್ಕೆ ಬೆಲೆ ಕಟ್ಟಿಸಿಕೊಂಡು ಕರಗಿಹೋದವೂ ಇರಬೇಕು. ಉಳಿದವುಗಳನ್ನು ಹುಡುಕಿಕೊಂಡು ಹೋಗುವ ಒಂದು ಸಣ್ಣ ಪಂಗಡ ಲೋಕದಲ್ಲಿ ಇಂದಿಗೂ ಇದೆ. ಕರಿಬಟ್ಟೆಯೊಳಗೆ ತಲೆ ತೂರಿಸಿ, ಪ್ರಪಂಚವನ್ನು ತಲೆಕೆಳಗಾಗಿ ನೋಡುತ್ತ, ಗಳಿಗೆಗಟ್ಟಲೆ ಬೆವರಿ, ಒಂದೇ ಒಂದು ಚಿತ್ರ ತೆಗೆದು ಸಂತೋಷಪಡುವ ಜನ ಇವರು. ಇವರನ್ನು ಹುಚ್ಚರೆನ್ನುವವರಿದ್ದಾರೆ. ಆದರೆ ನಿರುಪದ್ರವಿ ಹುಚ್ಚು.

ಇವರ ಯಂತ್ರದಲ್ಲಿ ಯಂತ್ರವೆನ್ನಬಹುದಾದ್ದು ಏನೂ ಇಲ್ಲ. ಎದುರುಬದುರು ಎರಡು ಮರದ ಚೌಕಟ್ಟುಗಳು. ನಡುವೆ ಹಾರ್ಮೋನಿಯಮ್ಮಿನ ತಿದಿಯಂತೆ ಮಡಿಕೆಯಾಗುವ ತೊಗಲಿನ ಚೀಲ. ಮುಂದಿನ ಚೌಕಟ್ಟಿಗೆ ಮಸೂರ, ಹಿಂದಿನದಕ್ಕೆ ಮಬ್ಬುಗಾಜು. ಬಿಂಬವನ್ನು ಮಬ್ಬುಗಾಜಿನ ಮೇಲೆ ನೋಡಿ ಹೊಂದಿಸಿ, ಅದರ ಜಾಗದಲ್ಲಿ ಫಿಲ್ಮಿನ ಹಾಳೆಯನ್ನಿಟ್ಟು ಬೆಳಕು ಬೀಳಿಸಿದರೆ ಕೆಲಸ ಮುಗಿಯಿತು. ಹಾಳೆಯ ಅಳತೆ ನಾಲ್ಕಕ್ಕೆ ಐದು ಅಂಗುಲ, ಇಲ್ಲವೆ ಎಂಟಕ್ಕೆ ಹತ್ತು ಅಂಗುಲ. ಕೇರಳದ ಆಲಪ್ಪುಳದಲ್ಲಿ ತೇಗದ ಮರದಿಂದ ತಯಾರಾಗುತ್ತಿದ್ದ ವಾಗೀಶ್ವರಿ ಕ್ಯಾಮರಾಗಳು ಒಂದು ಕಾಲದಲ್ಲಿ ನಮ್ಮ ದೇಶದ ಸ್ಟುಡಿಯೋಗಳಲ್ಲೆಲ್ಲ ನಿಂತಿದ್ದವು. ಪೆಟ್ಟಿಗೆಯನ್ನು ಊರಿನ ಬಡಗಿಯೂ ಮಾಡಿಯಾನು. ಮಸೂರ ಹಾಗಲ್ಲ. ಪೆಟ್ಟಿಗೆಗೆ ಕಣ್ಣು ಬರುವುದೇ ಅದರಿಂದ. ಆದ್ದರಿಂದಲೇ ಮಸೂರದ ಆಯ್ಕೆಯೆಂದರೆ ಈ ಪಂಗಡದವರಿಗೆ ಹೆಣ್ಣು ನೋಡುವ ಶಾಸ್ತ್ರದಷ್ಟೇ ಗಂಭೀರವಾದ ವಿಷಯ. ಅದರಲ್ಲಿರುವಷ್ಟೇ ಅವಿವೇಕವೂ ಇದರಲ್ಲಿದೆ.

ಮೊದಲ ಅವಿವೇಕ ಮನೆತನದ ವ್ಯಾಮೋಹ. ಝೈಸ್, ಗೋರ್ಜ್, ಡಾಲ್‌ಮೇಯರ್, ಫೋಯ್ಗ್ಟ್‌ಲೆಂಡರ್, ಶ್ನೈಡರ್ ಎಂಬ ಹೆಸರುಗಳನ್ನು ಕೇಳಿದ ಕೂಡಲೆ ಕೈಮುಗಿಯುವವರುಂಟು. ಹಿತ್ತಾಳೆಯ ಕೊಳವೆಯ ಮೇಲೆ ಆ ಅಕ್ಷರಗಳು ಕೆತ್ತಿದ್ದರೆ ಸಾಕು, ಒಳಗಿನ ಗಾಜು ಮಂಜಾಗಿದ್ದರೂ ಬೆಲೆ ಇಳಿಯುವುದಿಲ್ಲ. ವೊಲೆನ್ಸಾಕ್, ಐಲೆಕ್ಸ್, ಗುಂಡ್‌ಲಾಕ್, ಆಲ್ಡಿಸ್, ಬೋಯರ್, ಜಪಾನಿನ ಕಾಂಗೋ—ಇಂಥ ಹೆಸರುಗಳೆಂದರೆ ಹಣೆ ಸುಕ್ಕುಗಟ್ಟುತ್ತದೆ. ಹೆಸರೇ ಇಲ್ಲದ ಮಸೂರವಾದರಂತೂ ಕೇಳಬೇಕಾದ್ದೇ ಇಲ್ಲ. ಗೋತ್ರ ಸೂತ್ರ ತಿಳಿಯದ ಅಳಿಯನನ್ನು ನೋಡಿದಂತೆ ನೋಡುತ್ತಾರೆ.

‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಮಾತು ಮಸೂರಗಳ ವಿಷಯದಲ್ಲಿ ಸುಳ್ಳಲ್ಲ. ಆದರೆ ಇಲ್ಲಿ ತಾಯಿ ಯಾರು ಎಂಬುದನ್ನು ಸರಿಯಾಗಿ ತಿಳಿಯಬೇಕು. ಕಾರ್ಖಾನೆ ತಾಯಿಯಲ್ಲ, ಅದು ಹೆರಿಗೆಯ ಮನೆ ಮಾತ್ರ. ತಾಯಿಯೆಂದರೆ ರಚನೆ—ಎಷ್ಟು ಗಾಜು, ಯಾವ ಬಾಗು, ಯಾವುದಕ್ಕೆ ಯಾವುದನ್ನು ಅಂಟಿಸಿದೆ, ನಡುವೆ ಎಷ್ಟು ಬಯಲು ಬಿಟ್ಟಿದೆ ಎಂಬುದು. ಅಂಥ ತಾಯಂದಿರು ಬೆರಳೆಣಿಕೆಯಷ್ಟು. 1840ರಲ್ಲಿ ವಿಯೆನ್ನಾದ ಗಣಿತಜ್ಞ ಜೋಸೆಫ್ ಪೆಟ್ಸ್‌ವಾಲ್ ಲೆಕ್ಕ ಹಾಕಿ ರೂಪಿಸಿದ ಭಾವಚಿತ್ರದ ಮಸೂರ ಮೊದಲನೆಯದು. ಆ ಲೆಕ್ಕದ ದುಡಿಮೆಗೆ ಫಿರಂಗಿದಳದ ಸಿಪಾಯಿಗಳ ನೆರವು ಪಡೆದನೆಂದು ಹೇಳುತ್ತಾರೆ. ಗುಂಡು ಎಲ್ಲಿ ಬೀಳುವುದೆಂದು ಲೆಕ್ಕ ಹಾಕಬಲ್ಲವರಿಗೆ ಬೆಳಕು ಎಲ್ಲಿ ಬೀಳುವುದೆಂಬುದೂ ಎಟುಕಿತು! 1866ರಲ್ಲಿ ಲಂಡನ್ನಿನಲ್ಲಿ ಡಾಲ್‌ಮೇಯರ್, ಮ್ಯೂನಿಕ್ಕಿನಲ್ಲಿ ಸ್ಟೈನ್‌ಹೈಲ್, ಒಬ್ಬರಿಗೊಬ್ಬರು ತಿಳಿಯದೆ ಹೆಚ್ಚುಕಡಿಮೆ ಒಂದೇ ಮಸೂರವನ್ನು ಕಂಡುಹಿಡಿದರು. ನಡುವಿನ ಬೆಳಕಿಂಡಿಯ ಆಚೆಗೂ ಈಚೆಗೂ ಕನ್ನಡಿಯ ಬಿಂಬದಂತೆ ಒಂದೇ ಬಗೆಯ ಜೋಡಿಗಾಜು. ಮುಂದಿನದರ ಓರೆಯನ್ನು ಹಿಂದಿನದು ತಿದ್ದುವುದರಿಂದ ನೇರವಾದ ಕಂಬ ಚಿತ್ರದಲ್ಲಿಯೂ ನೇರವಾಗಿಯೇ ನಿಲ್ಲುತ್ತದೆ. ಇದಕ್ಕೆ ರ‍್ಯಾಪಿಡ್ ರೆಕ್ಟಿಲೀನಿಯರ್ ಎಂದು ಹೆಸರಾಯಿತು. 1892ರಲ್ಲಿ ಎಮಿಲ್ ಫಾನ್ ಹೋಗ್ ಎಂಬಾತ ಎರಡೂ ಕಡೆ ಮೂರು ಮೂರು ಗಾಜುಗಳನ್ನಂಟಿಸಿ ರಚಿಸಿದ ಗೋರ್ಜ್ ಡಾಗೋರ್, 1902ರಲ್ಲಿ ಝೈಸಿನ ಪಾಲ್ ರುಡಾಲ್ಫ್ ನಾಲ್ಕು ಗಾಜುಗಳಿಂದ ರಚಿಸಿದ ಟೆಸ್ಸಾರ್—ಇವು ಅನಂತರದವು.

ಇವೆರಡರ ನಡುವೆ ಹುಟ್ಟಿದ ಒಂದರ ಕತೆಯನ್ನು ಬಿಡುವಂತಿಲ್ಲ. 1893ರಲ್ಲಿ ಇಂಗ್ಲೆಂಡಿನ ಡೆನ್ನಿಸ್ ಟೇಲರ್ ಮೂರೇ ಗಾಜಿನಿಂದ ಒಂದು ಅಪೂರ್ವ ಮಸೂರವನ್ನು ರಚಿಸಿದ. ಆತ ಕೆಲಸಕ್ಕಿದ್ದುದು ಯಾರ್ಕ್ ನಗರದ ಕುಕ್ ಎಂಬ ದೂರದರ್ಶಕದ ಕಾರ್ಖಾನೆಯಲ್ಲಿ. ಅವರಿಗೆ ನಕ್ಷತ್ರಗಳ ಗೀಳು. ಛಾಯಾಚಿತ್ರದ ಮಸೂರ ತಯಾರಿಸಲು ಮನಸ್ಸಿಲ್ಲ. ಕಡೆಗೆ ಅದನ್ನು ತಯಾರಿಸಿದವರು ಲೆಸ್ಟರ್ ನಗರದ ಟೇಲರ್, ಟೇಲರ್ ಮತ್ತು ಹಾಬ್ಸನ್ ಎಂಬ ಸಂಸ್ಥೆಯವರು. ಆ ಇಬ್ಬರು ಟೇಲರುಗಳಿಗೂ ಈ ಟೇಲರನಿಗೂ ಯಾವ ನಂಟೂ ಇಲ್ಲ. ಮಸೂರದ ಮೇಲೆ ಕೆತ್ತಿದ ಹೆಸರು ಮಾತ್ರ, ಅದು ತಮಗೆ ಬೇಡವೆಂದ ಕುಕ್ ಸಂಸ್ಥೆಯದು! ಹಿತ್ತಾಳೆಯ ಮೇಲಿನ ಅಕ್ಷರವನ್ನು ವೇದವಾಕ್ಯವೆಂದು ನಂಬುವವರು ಇದನ್ನು ನೆನಪಿನಲ್ಲಿಡಬೇಕು.

ಪೇಟೆಂಟಿನ ಅವಧಿ ತೀರಿದ ಮೇಲೆ ಲೋಕದ ಕಾರ್ಖಾನೆಗಳೆಲ್ಲ ಟೆಸ್ಸಾರನ್ನು ತಯಾರಿಸಿದವು. ಶ್ನೈಡರರ ಕ್ಸೆನಾರ್, ಐಲೆಕ್ಸಿನ ಪ್ಯಾರಗಾನ್, ಕೋಡಕ್ಕಿನ ಕಮರ್ಷಿಯಲ್ ಎಕ್ಟಾರ್, ರಷ್ಯದ ಇಂಡಸ್ಟಾರ್—ಹೆಸರು ಬೇರೆ, ಸಂಸಾರ ಒಂದೇ. ಇಷ್ಟು ಸಾಲದೆಂಬಂತೆ ವ್ಯಾಪಾರಿಗಳು ಮಾಡಿದ ನಾಮಕರಣ ಬೇರೆ. ಪ್ಯಾರಿಸಿನ ಡಾರ್ಲೋ ಕಾರ್ಖಾನೆಯ ಮಸೂರಗಳು ಅಮೆರಿಕದ ಅಂಗಡಿಕಾರರ ಹೆಸರುಗಳನ್ನು ಹೊತ್ತು ಮಾರಾಟವಾದವು. ನಮ್ಮ ಕಾಲಕ್ಕೆ ಹತ್ತಿರ ಬಂದರೆ, ಕ್ಯಾಲುಮೆಟ್ ಎಂಬ ಅಮೆರಿಕದ ಸಂಸ್ಥೆ ಕ್ಯಾಲ್ಟಾರ್ ಎಂಬ ಹೆಸರಿನಲ್ಲಿ ಮಾರುತ್ತಿದ್ದುದು ಒಮ್ಮೆ ಐಲೆಕ್ಸಿನ ಮಸೂರ, ಇನ್ನೊಮ್ಮೆ ಶ್ನೈಡರರದು, ಮತ್ತೊಮ್ಮೆ ರೋಡೆನ್‌ಸ್ಟಾಕಿನದು. ಅದೇ ರೋಡೆನ್‌ಸ್ಟಾಕ್ ಸಿರೋನಾರ್, ಸಿನಾರ್ ಸಂಸ್ಥೆಯ ಅಂಗಡಿಗೆ ಬಂದಾಗ ಸಿನಾರೋನ್ ಆಯಿತು. ಗಾಜು ಒಂದೇ, ಬೆಲೆ ಬೇರೆ. ತವರಿನ ಹೆಸರು, ಗಂಡನ ಮನೆಯ ಹೆಸರು ಬೇರೆ ಬೇರೆಯಾದ ಮಾತ್ರಕ್ಕೆ ಹೆಣ್ಣು ಇಬ್ಬರಾಗುವಳೆ?

ಹಾಗಾದರೆ ಹೆಸರಿಲ್ಲದ ಮಸೂರದ ತಾಯಿಯನ್ನು ಪತ್ತೆಮಾಡುವುದು ಹೇಗೆ? ಇದಕ್ಕೊಂದು ಸೊಗಸಾದ ಉಪಾಯವಿದೆ. ಖರ್ಚಿಲ್ಲ, ಉಪಕರಣವಿಲ್ಲ. ಕತ್ತಲೆಯ ಕೋಣೆಯಲ್ಲಿ ಒಂದೇ ಒಂದು ದೀಪ ಹಚ್ಚಿ ಅದರ ಕೆಳಗೆ ಮಸೂರವನ್ನು ಹಿಡಿದು ಸ್ವಲ್ಪ ವಾಲಿಸಿ ನೋಡಬೇಕು. ಗಾಳಿಗೆ ತೆರೆದ ಗಾಜಿನ ಪ್ರತಿ ಮೈಯಿಂದಲೂ ದೀಪದ ಒಂದು ಪ್ರಕಾಶಮಾನವಾದ ಪ್ರತಿಬಿಂಬ ಹೊಳೆಯುತ್ತದೆ. ಗಾಜಿಗೆ ಗಾಜು ಅಂಟಿಸಿದ ಕಡೆಯಿಂದ ಮಂಕಾದ ಪ್ರತಿಬಿಂಬ. ಮುಂಭಾಗ ಹಿಂಭಾಗಗಳನ್ನು ಬಿಚ್ಚಿ, ಒಂದೊಂದರಲ್ಲಿಯೂ ಎರಡು ಪ್ರಕಾಶ, ಒಂದು ಮಂಕು ಕಂಡರೆ 1866ರ ರೆಕ್ಟಿಲೀನಿಯರಿನ ಸಂತಾನ. ಎರಡು ಪ್ರಕಾಶ, ಎರಡು ಮಂಕು ಕಂಡರೆ ಡಾಗೋರಿನ ವಂಶ. ಮುಂಭಾಗದಲ್ಲಿ ನಾಲ್ಕು ಪ್ರಕಾಶ, ಹಿಂಭಾಗದಲ್ಲಿ ಎರಡು ಪ್ರಕಾಶ ಒಂದು ಮಂಕು ಕಂಡರೆ ಟೆಸ್ಸಾರ್. ಎರಡೂ ಕಡೆ ನಾಲ್ಕು ನಾಲ್ಕು ಪ್ರಕಾಶ, ಮಂಕು ಒಂದೂ ಇಲ್ಲವಾದರೆ ನಾಲ್ಕು ಬಿಡಿಗಾಜುಗಳ ಇನ್ನೊಂದು ಮನೆತನ. ಜಾತಕ ನೋಡುವವರು ಇಷ್ಟು ನಿಖರವಾಗಿ ಹೇಳಬಲ್ಲರೋ ಇಲ್ಲವೋ!

ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಒಬ್ಬ ಗೃಹಸ್ಥನಿದ್ದಾನೆನ್ನಿ. ತಾತ ಕಟ್ಟಿಸಿದ ಮಂಗಳೂರು ಹೆಂಚಿನ ಮನೆ; ಮುಂದುಗಡೆ ಜಗಲಿ, ಮರದ ಕಂಬಗಳು, ಅಂಗಳದಲ್ಲಿ ತೆಂಗು. ಅಣ್ಣತಮ್ಮಂದಿರು ಮೂವರೂ ಒಪ್ಪಿ ಮನೆಯನ್ನು ಕಟ್ಟಡದವರಿಗೆ ಕೊಟ್ಟಾಯಿತು; ಇನ್ನು ಮೂರು ತಿಂಗಳಿಗೆ ಅಲ್ಲಿ ಮಣ್ಣಿನ ಗುಂಡಿ ಇರುತ್ತದೆ. ಕೆಡವುವ ಮುನ್ನ ಮನೆಯ ಮುಂಭಾಗವನ್ನು ಎಂಟಕ್ಕೆ ಹತ್ತು ಅಂಗುಲದ ಹಾಳೆಯ ಮೇಲೆ ತೆಗೆದಿಡಬೇಕೆಂಬುದು ಈತನ ಆಸೆ. ಮುಚ್ಚಿದ ಸ್ಟುಡಿಯೋ ಒಂದರಿಂದ ಮರದ ಕ್ಯಾಮರಾ ದೊರಕಿದೆ. ಜೊತೆಗೆ ಒಂದು ಹಿತ್ತಾಳೆಯ ಮಸೂರ, ಅದರ ಮೇಲೆ ಒಂದಕ್ಷರವೂ ಇಲ್ಲ. ಬಲ್ಲ ಗೆಳೆಯರು, “ಅದನ್ನು ಕಾಗದದ ಮೇಲೆ ಭಾರ ಇಡಲು ಬಳಸಿ; ಒಳ್ಳೆಯ ಹೆಸರಿನದನ್ನು ತರಿಸಿಕೊಳ್ಳಿ” ಎಂದರು. ಒಳ್ಳೆಯ ಹೆಸರಿನದಕ್ಕೆ ಎರಡು ತಿಂಗಳ ಸಂಬಳ. “ಏನೂಂದ್ರೆ, ಮನೆಯೇ ಹೋಗ್ತಾ ಇದೆ, ಅದರ ಪಟಕ್ಕೆ ಇಷ್ಟು ದುಡ್ಡೆ?” ಎಂದು ಮನೆಯಾಕೆ ಕೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಈ ಚಿತ್ರವನ್ನು ಮತ್ತೊಮ್ಮೆ ತೆಗೆಯಲಾಗುವುದಿಲ್ಲ. ಗಾಜು ಕೈಕೊಟ್ಟರೆ ಮೂರು ತಿಂಗಳ ಮೇಲೆ ಯಾರ ಎದುರಿಗೆ ಹೋಗಿ ನಿಲ್ಲುವುದು?

ಆತ ಮಾಡಬೇಕಾದ ಮೊದಲ ಕೆಲಸ, ದೀಪದ ಕೆಳಗೆ ಎಣಿಸುವುದು. ಎರಡು ಪ್ರಕಾಶ, ಒಂದು ಮಂಕು. ಎರಡೂ ಕಡೆ ಹಾಗೆಯೇ. ರೆಕ್ಟಿಲೀನಿಯರಿನ ಮಗಳು, ಕಂಬಗಳನ್ನು ಡೊಂಕು ಮಾಡುವ ಜಾತಿಯಲ್ಲ. ಎರಡನೆಯದು ಆರೋಗ್ಯ ಪರೀಕ್ಷೆ. ಗಾಜಿನೊಳಗೆ ಸಣ್ಣ ಗಾಳಿಗುಳ್ಳೆಗಳಿದ್ದರೆ ಗಾಬರಿ ಬೇಡ. ಹಿಂದಿನ ಕಾಲದ ಉತ್ತಮ ಗಾಜಿನಲ್ಲಿ ಅವು ಇದ್ದೇ ಇರುತ್ತಿದ್ದವು, ಕಾರ್ಖಾನೆಯವರೇ ತಮ್ಮ ಪಟ್ಟಿಗಳಲ್ಲಿ ಹಾಗೆ ಹೇಳಿಕೊಳ್ಳುತ್ತಿದ್ದರು. ಮುಂದಿನ ಗಾಜಿನ ಮೇಲೆ ಒಂದೆರಡು ಗೀರಿದ್ದರೂ ಚಿತ್ರಕ್ಕೆ ಬಾಧಕವಿಲ್ಲ. ಹಿಂದಿನ ಗಾಜಿನ ಗೀರು ಅದಕ್ಕಿಂತ ಕೆಟ್ಟದ್ದು. ಜೋಡಿಗಾಜುಗಳನ್ನು ಅಂಟಿಸಲು ಬಳಸುತ್ತಿದ್ದ ಕೆನಡಾ ಬಾಲ್ಸಂ ಎಂಬ ಮರದಂಟು ಕಾಲಕ್ರಮದಲ್ಲಿ ಹಳದಿಯಾಗಿ, ಅಂಚಿನಿಂದ ಬಿಟ್ಟುಕೊಳ್ಳುತ್ತದೆ. ಅಲ್ಲಿ ಕಾಮನಬಿಲ್ಲಿನ ಬಣ್ಣ ಕಾಣುತ್ತದೆ. ಅಂಚಿನಲ್ಲೇ ಇದ್ದರೆ ಕ್ಷಮಿಸಬಹುದು, ನಡುವಿಗೆ ಹಬ್ಬಿದ್ದರೆ ಆಗದು. ನಮ್ಮ ಮಳೆಗಾಲದ ದೇಶಗಳಲ್ಲಿ ಎಲ್ಲಕ್ಕಿಂತ ದೊಡ್ಡ ಶತ್ರು ಬೂಷ್ಟು. ಗಾಜಿನ ಮೇಲೆ ಜೇಡನ ಬಲೆಯಂತೆ ಹರಡುವ ಆ ಶಿಲೀಂಧ್ರವನ್ನು ಒರೆಸಿ ತೆಗೆದ ಮೇಲೂ ಅದು ಕೊರೆದ ಗುರುತು ಉಳಿಯುವುದುಂಟು. ಕರಾವಳಿಯಲ್ಲಿ ಕಪಾಟಿನೊಳಗೇ ಮಳೆಗಾಲಗಳನ್ನು ಕಳೆದ ಝೈಸಿಗಿಂತ, ಒಣಹವೆಯಲ್ಲಿ ಬಾಳಿದ ಅನಾಮಧೇಯವೇ ಎಷ್ಟೋ ಲೇಸು.

ಇನ್ನು ಸ್ಪಷ್ಟತೆಯ ಪ್ರಶ್ನೆ. ಇಲ್ಲಿಯೇ ಬಹುಮಂದಿ ಎಡವುವುದು. ಮಸೂರ ಎಷ್ಟು ಚೂಪು ಎಂದು ಕೇಳುವ ಮುನ್ನ, ಎಷ್ಟು ಚೂಪು ಬೇಕು ಎಂದು ಕೇಳಬೇಕು. ಒಂದು ಮಿಲಿಮೀಟರಿನೊಳಗೆ ಕರಿಗೆರೆ ಬಿಳಿಗೆರೆಗಳ ಐದಾರು ಜೋಡಿಗಳನ್ನು ಬರೆದು ಒಂದು ಗೇಣು ದೂರದಲ್ಲಿ ಹಿಡಿದರೆ, ಒಳ್ಳೆಯ ಕಣ್ಣಿಗೂ ಅವು ಬಿಡಿಬಿಡಿಯಾಗಿ ಕಾಣುವುದು ಅಷ್ಟಕ್ಕಷ್ಟೆ. ಅದಕ್ಕಿಂತ ನವುರಾದ್ದು ಕಣ್ಣಿಗೆ ಬರಿಯ ಬೂದು. ಜೇಬಿನ ಕ್ಯಾಮರಾದ ನೆಗೆಟಿವ್ ಅಂಗುಲಕ್ಕೆ ಒಂದೂವರೆ ಅಂಗುಲದಷ್ಟು. ಅದನ್ನು ಎಂಟಕ್ಕೆ ಹತ್ತು ಅಂಗುಲದ ಚಿತ್ರವಾಗಿಸಲು ಎಂಟರಷ್ಟು ಹಿಗ್ಗಿಸಬೇಕು. ಆದ್ದರಿಂದ ಅದರ ಮಸೂರ ಮಿಲಿಮೀಟರಿಗೆ ನಲವತ್ತು ಐವತ್ತು ಜೋಡಿಗಳನ್ನು ಬಿಡಿಸಲೇಬೇಕು. ನಾಲ್ಕಕ್ಕೆ ಐದರ ಹಾಳೆಯಾದರೆ ಹಿಗ್ಗಿಸುವುದು ಎರಡರಷ್ಟು ಮಾತ್ರ. ಹನ್ನೆರಡು ಜೋಡಿ ಸಾಕು. ಎಂಟಕ್ಕೆ ಹತ್ತರ ಹಾಳೆಯನ್ನು ಕಾಗದಕ್ಕೆ ತಾಗಿಸಿಯೇ ಮುದ್ರಿಸುವುದಾದರೆ ಆರು ಜೋಡಿ ಬಿಡಿಸುವ ಮಸೂರವೂ ಕಣ್ಣಿನ ಋಣವನ್ನು ತೀರಿಸಿತು. ಅಷ್ಟನ್ನು ಮಾಡಲಾರದ ಮಸೂರ ಬಹಳ ದುರದೃಷ್ಟದ್ದಾಗಿರಬೇಕು. ದೊಡ್ಡ ಹಾಳೆ ತನ್ನ ಮಸೂರದ ತಪ್ಪುಗಳನ್ನು, ದೊಡ್ಡ ಮನಸ್ಸಿನ ಅತ್ತೆಯಂತೆ, ನುಂಗಿಕೊಳ್ಳುತ್ತದೆ.

ಇನ್ನೊಂದು ಸಂಗತಿಯೂ ಬಡಮಸೂರದ ಪರವಾಗಿದೆ. ದೊಡ್ಡ ಕ್ಯಾಮರಾದಲ್ಲಿ ಹತ್ತಿರದ ಮೆಟ್ಟಿಲೂ ದೂರದ ಮಾಡೂ ಒಟ್ಟಿಗೆ ಸ್ಪಷ್ಟವಾಗಬೇಕಾದರೆ ಬೆಳಕಿಂಡಿಯನ್ನು ತೀರ ಕಿರಿದು ಮಾಡಬೇಕು. ಎಫ್ 22, ಎಫ್ 32 ಎಂಬ ಗುರುತುಗಳೇ ಅಲ್ಲಿ ದಿನಬಳಕೆಯವು. ಕಿಂಡಿ ಕಿರಿದಾದಷ್ಟೂ ಗಾಜಿನ ದೋಷಗಳು ಅಡಗುತ್ತವೆ. ಆದರೆ ಬೆಳಕೆಂಬುದು ಅಲೆಯಾದ್ದರಿಂದ ಸಣ್ಣ ಕಿಂಡಿಯ ಅಂಚಿನಲ್ಲಿ ಅದು ತಾನೇ ಚೆದರುತ್ತದೆ. ಎಫ್ 22ರಲ್ಲಿ ಲೋಕದ ಪರಿಪೂರ್ಣ ಮಸೂರವೂ ಮಿಲಿಮೀಟರಿಗೆ ಸುಮಾರು ಎಪ್ಪತ್ತು ಜೋಡಿಗಳನ್ನು ಮೀರಲಾರದು. ಎಫ್ 64ರಲ್ಲಿ ಇಪ್ಪತ್ತಮೂರಕ್ಕೆ ಅದರ ಆಟ ಮುಗಿಯಿತು. ಅಲ್ಲಿ ರಾಜನೂ ಸೇವಕನೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾರೆ. ಈ ಎಫ್ 64ನ್ನೇ ತಮ್ಮ ಕೂಟದ ಹೆಸರಾಗಿಸಿಕೊಂಡು 1932ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಒಂದುಗೂಡಿದ ಛಾಯಾಗ್ರಾಹಕರಲ್ಲಿ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್ ಪ್ರಮುಖರು. ವೆಸ್ಟನ್ 1937ರಲ್ಲಿ ಗುಗೆನ್‌ಹೈಮ್ ವೇತನ ಪಡೆದು ಪಶ್ಚಿಮ ಅಮೆರಿಕದ ಮರಳುಗಾಡು, ಕಡಲತೀರಗಳನ್ನು ಸುತ್ತಿದಾಗ ಆತನ ಎಂಟಕ್ಕೆ ಹತ್ತರ ಕ್ಯಾಮರಾದ ಮೇಲಿದ್ದುದು ಟರ್ನರ್-ರೈಕ್ ಎಂಬ ಮಸೂರ. ಅದು ಗುಂಡ್‌ಲಾಕ್ ಕಾರ್ಖಾನೆಯದು. ಪ್ರತಿ ಭಾಗದಲ್ಲಿಯೂ ಐದೈದು ಗಾಜುಗಳನ್ನಂಟಿಸಿದ ವಿಚಿತ್ರ ರಚನೆ. ಒಂದು ಚೆನ್ನಾಗಿದ್ದರೆ ಇನ್ನೊಂದು ಚೆನ್ನಾಗಿರುವುದಿಲ್ಲವೆಂಬ ಅಪಖ್ಯಾತಿ ಅದಕ್ಕೆ ಇಂದಿಗೂ ಇದೆ. ಮರಳದಿಣ್ಣೆಗಳ ಆ ಚಿತ್ರಗಳ ಮುಂದೆ ನಿಂತವರು ಯಾರೂ ಗಾಜನ್ನು ಕುರಿತು ದೂರು ಹೇಳಿದಂತಿಲ್ಲ.

ಹಾಗೆಂದು ಎಲ್ಲ ಮಸೂರವೂ ಒಂದೇ ಎಂದು ತಿಳಿಯಬಾರದು. ನಡುವಿನಲ್ಲಿ ಎಲ್ಲರೂ ಸಜ್ಜನರು. ಗುಣ ತಿಳಿಯುವುದು ಮೂಲೆಗಳಲ್ಲಿ. ಎಂಟಕ್ಕೆ ಹತ್ತು ಅಂಗುಲದ ಹಾಳೆಯ ಮೂಲೆಯಿಂದ ಮೂಲೆಗೆ ಸುಮಾರು 325 ಮಿಲಿಮೀಟರು. ಮಸೂರ ಬೀರುವ ಬೆಳಕಿನ ವೃತ್ತ ಅದಕ್ಕಿಂತ ದೊಡ್ಡದಾಗಿರಬೇಕು. ಬೆಳಕು ಬಿದ್ದ ಮಾತ್ರಕ್ಕೆ ಸಾಲದು. ಬೆಳಕಿನ ವೃತ್ತದೊಳಗೆ ಸ್ಪಷ್ಟತೆಯ ವೃತ್ತ ಇನ್ನೂ ಚಿಕ್ಕದು. ಎತ್ತರದ ಕಟ್ಟಡದ ಚಿತ್ರಕ್ಕೆ ಕ್ಯಾಮರಾವನ್ನು ಮೇಲಕ್ಕೆ ವಾಲಿಸದೆ ಮಸೂರವನ್ನು ಮಾತ್ರ ಮೇಲಕ್ಕೆ ಸರಿಸುವುದು ರೂಢಿ. ಆಗ ಹಾಳೆಯ ಎರಡು ಮೂಲೆಗಳು ವೃತ್ತದ ಅಂಚಿಗೆ ಹೋಗಿ ನಿಲ್ಲುತ್ತವೆ. ಒಳ್ಳೆಯ ಹೆಸರಿನ ಆಧುನಿಕ ಮಸೂರಕ್ಕೆ ಹಣ ಕೊಡುವುದು ನಿಜವಾಗಿ ಈ ಅಂಚಿಗಾಗಿ. ಯಾರಿಗೆ ಅಂಚು ಬೇಕಿಲ್ಲವೋ ಅವರು ಆ ಹಣ ಕೊಡಬೇಕಾದ್ದಿಲ್ಲ.

ನಮ್ಮ ಗೃಹಸ್ಥನ ಮಸೂರದಲ್ಲಿ ಬೆಳಕಿಂಡಿಗೆ ಸೀಳು ಮಾತ್ರವಿತ್ತು. ಅದರೊಳಗೆ ತೂರಿಸುವ ತಗಡುಗಳು ಎಂದೋ ಕಳೆದುಹೋಗಿದ್ದವು. ದೂರದ ನೀರಿನ ತೊಟ್ಟಿಯ ಬಿಂಬವನ್ನು ಗೋಡೆಯ ಮೇಲೆ ಬೀಳಿಸಿ, ಸೀಳಿನಿಂದ ಗೋಡೆಗೆ ಅಳೆದರೆ 300 ಮಿಲಿಮೀಟರು ಬಂತು. ಅದನ್ನು 22ರಿಂದ ಭಾಗಿಸಿದರೆ ಹದಿಮೂರೂವರೆ, 32ರಿಂದ ಭಾಗಿಸಿದರೆ ಒಂಬತ್ತೂವರೆ ಮಿಲಿಮೀಟರು. ಆ ಅಳತೆಯ ತೂತುಗಳನ್ನು ಕರಿಯ ರಟ್ಟಿನಲ್ಲಿ ಕೊರೆದುಕೊಂಡ. ರಾತ್ರಿ ದೂರದ ಬೀದಿದೀಪವೊಂದಕ್ಕೆ ಕ್ಯಾಮರಾ ತಿರುಗಿಸಿ, ಮಬ್ಬುಗಾಜಿನ ಮೇಲಿನ ಚುಕ್ಕಿಯನ್ನು ಭೂತಗನ್ನಡಿಯಿಂದ ನೋಡಿದ. ಮಸೂರ ಪರೀಕ್ಷೆಗೆ ಇದಕ್ಕಿಂತ ನಿಷ್ಠುರವಾದ ಸಾಕ್ಷಿ ಇಲ್ಲ. ನಡುವಿನಲ್ಲಿ ಚುಕ್ಕಿ ಚುಕ್ಕಿಯಾಗಿಯೇ ಇರಬೇಕು. ಕ್ಯಾಮರಾವನ್ನು ತಿರುಗಿಸುತ್ತ ಅದನ್ನು ಮೂಲೆಗೆ ಒಯ್ದಾಗ, ಧೂಮಕೇತುವಿನಂತೆ ಬಾಲ ಬಂದರೆ ಒಂದು ದೋಷ, ಗೆರೆಯಾಗಿ ಎಳೆದರೆ ಇನ್ನೊಂದು. ನಾಲ್ಕು ಮೂಲೆಗಳಲ್ಲಿಯೂ ದೋಷ ಸಮನಾಗಿದ್ದರೆ ಅದು ರಚನೆಯ ಮಿತಿ. ಒಂದೇ ಮೂಲೆಯಲ್ಲಿ ಹೆಚ್ಚಾಗಿದ್ದರೆ ಗಾಜು ಕದಲಿದೆ, ಇಲ್ಲವೆ ಯಾರೋ ಬಿಚ್ಚಿ ತಪ್ಪಾಗಿ ಜೋಡಿಸಿದ್ದಾರೆ, ಇಲ್ಲವೆ ಎರಡು ಬೇರೆ ಬೇರೆ ಮಸೂರಗಳ ಭಾಗಗಳನ್ನು ಕೂಡಿಸಿದ್ದಾರೆ. ಗುಜರಿಯಲ್ಲಿ ಇಂಥ ವಿಜಾತಿ ವಿವಾಹಗಳು ಬೇಕಾದಷ್ಟು.

ಒಂದು ಎಚ್ಚರಿಕೆ. ಮೂರಡಿ ದೂರದಲ್ಲಿ ಗೋಡೆಗಂಟಿಸಿದ ವೃತ್ತಪತ್ರಿಕೆಯ ಹಾಳೆಯನ್ನು ತೆಗೆದು ಮಸೂರಕ್ಕೆ ಅಂಕ ಕೊಡುವವರಿದ್ದಾರೆ. ಮನೆಯ ಚಿತ್ರ ತೆಗೆಯುವ ಮಸೂರವನ್ನು ಮನೆಯಷ್ಟು ದೂರದಲ್ಲಿಯೇ ಪರೀಕ್ಷಿಸಬೇಕು. ಹಳೆಯ ಮಸೂರಗಳಲ್ಲಿ ಹಲವಕ್ಕೆ, ಡಾಗೋರಿಗೂ ಸಹ, ಇನ್ನೊಂದು ಚಪಲವಿದೆ. ಬೆಳಕಿಂಡಿಯನ್ನು ಕಿರಿದು ಮಾಡಿದಾಗ ಸ್ಪಷ್ಟವಾಗುವ ತಾಣವೇ ಸ್ವಲ್ಪ ಸರಿಯುತ್ತದೆ. ಪೂರ್ತಿ ತೆರೆದ ಕಿಂಡಿಯಲ್ಲಿ ಹೊಂದಿಸಿ, ಕಿರಿದಾಗಿಸಿ ಚಿತ್ರ ತೆಗೆದು, ಆಮೇಲೆ ಮಸೂರವನ್ನು ಬಯ್ಯುವವರು ಇದನ್ನು ಅರಿಯರು. ಎಷ್ಟು ಮಂಕಾಗಿ ಕಂಡರೂ ಸರಿಯೆ, ಚಿತ್ರ ತೆಗೆಯುವ ಕಿಂಡಿಯಲ್ಲಿಯೇ ಹೊಂದಿಸಬೇಕು. ಕರಿಬಟ್ಟೆ ಇರುವುದು ಅದಕ್ಕೇ.

ಬಿಡಿಗಾಜು ಹೆಚ್ಚಾದ ಮಸೂರಗಳಿಗೆ ಬೇರೊಂದು ಕಷ್ಟ. ಲೇಪವಿಲ್ಲದ ಗಾಜಿನ ಪ್ರತಿ ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕೈದು ಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಹೀಗೆ ಎಸೆದ ಬೆಳಕು ಕೊಳವೆಯೊಳಗೆ ಅಲೆದಾಡಿ ಚಿತ್ರದ ಕಪ್ಪನ್ನು ತೊಳೆದುಬಿಡುತ್ತದೆ. 1935ರಲ್ಲಿ ಝೈಸಿನ ಅಲೆಕ್ಸಾಂಡರ್ ಸ್ಮಕೂಲಾ ಕಂಡುಹಿಡಿದ ತೆಳುಲೇಪ ಈ ಕಷ್ಟವನ್ನು ಬಹುಮಟ್ಟಿಗೆ ಪರಿಹರಿಸಿತು. ಅದಕ್ಕೂ ಹಿಂದಿನ ಮಸೂರಗಳಲ್ಲಿ ಗಾಜು ಅಂಟಿಸಿ ಬಯಲನ್ನು ಕಡಮೆ ಮಾಡಿದ ರೆಕ್ಟಿಲೀನಿಯರ್, ಡಾಗೋರುಗಳು ಪಾರಾದವು; ಅವುಗಳಲ್ಲಿ ಗಾಳಿಗೆ ತೆರೆದ ಮೈಗಳು ನಾಲ್ಕೇ. ಎಂಟು ಮೈಗಳುಳ್ಳವು ಬಿಸಿಲಿಗೆ ಮುಖ ಮಾಡಿದರೆ ಸೋಲುತ್ತವೆ. ಅವಕ್ಕೆ ಮೇಲೊಂದು ಕರಿಯ ರಟ್ಟನ್ನು ನೆರಳಾಗಿ ಹಿಡಿದರೆ ಅರ್ಧ ರೋಗ ವಾಸಿ.

ಪತ್ರಿಕೆಗಳ ಓದುಗರಿಗೆ ನಂಟಿರುವ ಒಂದು ಮಸೂರಜಾತಿಯನ್ನು ಇಲ್ಲಿಯೇ ಹೇಳಬೇಕು. ಅಚ್ಚುಮೊಳೆಯ ಕಾಲದಲ್ಲಿ, ಕತೆಗಳಿಗೆ ಬರೆದ ಚಿತ್ರಗಳನ್ನು ಬ್ಲಾಕು ಮಾಡಿಸಲು ಆಳೆತ್ತರದ ಕ್ಯಾಮರಾಗಳಿದ್ದವು. ಅವುಗಳ ಮಸೂರಗಳು—ಅಪೋ-ರೋನಾರ್, ಆರ್ಟಾರ್, ಅಪೋ-ನಿಕ್ಕಾರ್—ಬೆಳಕಿಗೆ ಜಿಪುಣವಾದರೂ ನೇರಗೆರೆಗೂ ಬಣ್ಣಕ್ಕೂ ಬಹಳ ಪ್ರಾಮಾಣಿಕ. ಮುದ್ರಣ ಗಣಕಯಂತ್ರಕ್ಕೆ ಹೋದ ಮೇಲೆ ಅವು ನಿರುದ್ಯೋಗಿಗಳಾಗಿ, ಕೊಳ್ಳುವವರಿಲ್ಲದೆ ಅಗ್ಗಕ್ಕೆ ಬಿದ್ದವು. ಇದ್ದಷ್ಟೇ ಅಳತೆಗೆ ಚಿತ್ರವನ್ನು ನಕಲು ಮಾಡಲು ಹುಟ್ಟಿದ ಅವು ದೂರದ ಬೆಟ್ಟಕ್ಕೆ ಹೊಂದುವುದಿಲ್ಲವೆಂದು ಬಹುಕಾಲ ನಂಬಿದ್ದರು. ಎಫ್ 22ಕ್ಕೆ ಕಿರಿದು ಮಾಡಿ ನೋಡಿದವರಿಗೆ ಬೆಟ್ಟ ಚೆನ್ನಾಗಿಯೇ ಕಂಡಿತು.

ದೋಷವನ್ನೇ ಗುಣವಾಗಿಸಿಕೊಂಡವರೂ ಇದ್ದಾರೆ. 1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್‌ಗೆ ಇಂಗ್ಲೆಂಡಿನಲ್ಲಿ, 48ನೆಯ ವಯಸ್ಸಿನಲ್ಲಿ, ಮಗಳೂ ಅಳಿಯನೂ ಒಂದು ಕ್ಯಾಮರಾ ಕಾಣಿಕೆ ಕೊಟ್ಟರು. ಆಕೆಯ ಮೊದಲ ಮಸೂರ ಪ್ಯಾರಿಸಿನ ಜಾಮಿನ್ ಎಂಬಾತನದು, ಪೆಟ್ಸ್‌ವಾಲ್ ಜಾತಿಯದು. ನಡುವೆ ಮಾತ್ರ ಚೂಪು, ಅಂಚೆಲ್ಲ ಕರಗಿಹೋಗುವಂಥದು. ಅಂದಿನ ವಿಮರ್ಶಕರು ಆಕೆಯ ಚಿತ್ರಗಳನ್ನು ಮಸುಕು ಎಂದು ಹಳಿದರು. ಆ ಮಸುಕಿನೊಳಗಿಂದ ಹೊರಗೆ ಬಂದ ಮುಖಗಳನ್ನು ಇಂದು ವಸ್ತುಸಂಗ್ರಹಾಲಯಗಳು ಕಾಪಾಡುತ್ತಿವೆ. ವಿಮರ್ಶಕರ ಹೆಸರುಗಳನ್ನು ಹುಡುಕಬೇಕಾಗಿದೆ. ಮನೆಯ ಕಂಬಗಳಿಗೆ ಆ ಮಸೂರ ಒದಗುತ್ತಿರಲಿಲ್ಲವೆಂಬುದು ಬೇರೆ ಮಾತು.

ಕಂಬಗಳೆಂದರೆ ಹಂಪೆಯ ನೆನಪು ಬಾರದಿರದು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಅಲ್ಲಿಯ ಗುಡಿಗಳನ್ನು, ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಚಿತ್ರಿಸಿದ. ಡಾಗೋರಿಲ್ಲ, ಟೆಸ್ಸಾರಿಲ್ಲ, ರೆಕ್ಟಿಲೀನಿಯರಿಗೂ ಇನ್ನೂ ಹತ್ತು ವರ್ಷವಿತ್ತು. ಸುಮಾರು ಒಂದೂಕಾಲು ಶತಮಾನದ ಮೇಲೆ, 1983ರಲ್ಲಿ, ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅದೇ ತಾಣಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವವರು ಹುಡುಕುವುದು ಯಾವ ಗೋಪುರ ಬಿತ್ತು, ಯಾವ ಕಲ್ಲು ಉಳಿಯಿತು ಎಂಬುದನ್ನು.

ಚಾಮರಾಜಪೇಟೆಯ ಮಸೂರ ಬೀದಿದೀಪದ ಎದುರು ಕೊಟ್ಟ ಸಾಕ್ಷ್ಯ ಹೀಗಿತ್ತು. ಎಫ್ 32ರಲ್ಲಿ ಮೂಲೆಗಳವರೆಗೆ ಚುಕ್ಕಿ ಸಹನೀಯ. ಮಸೂರವನ್ನು ಎರಡು ಬೆರಳಿಗಿಂತ ಮೇಲೆ ಸರಿಸಿದರೆ ಚುಕ್ಕಿಗೆ ರೆಕ್ಕೆ ಮೂಡುತ್ತದೆ. ಬೀದಿಯಲ್ಲಿ ನಿಂತು ತೆಗೆದರೆ ಮಾಡಿನ ತುದಿ ಸಿಗದು. ಎರಡು ತಿಂಗಳ ಸಂಬಳ ಉಳಿಸುವ ದಾರಿ ಎದುರುಮನೆಯ ಮಹಡಿಯಲ್ಲಿತ್ತು. “ಕಾಫಿಗೇ ಬಾ ಅಂತ ಎಷ್ಟು ವರ್ಷದಿಂದ ಕರೀತಾ ಇದೀನಿ, ಈಗ ಪೆಟ್ಟಿಗೆ ಹೊತ್ತುಕೊಂಡು ಬಂದೆಯಾ?” ಎಂದು ಅಲ್ಲಿಯ ಮುದುಕರು ಬಾಗಿಲು ತೆರೆದರು. ಮಹಡಿಯ ಎತ್ತರದಿಂದ ಮಸೂರವನ್ನು ಸರಿಸಬೇಕಾದ್ದೇ ಇರಲಿಲ್ಲ. ಮೆಟ್ಟಿಲಿನಿಂದ ಮಾಡಿನವರೆಗೆ ಮನೆ ಮಬ್ಬುಗಾಜಿನ ಮೇಲೆ ತಲೆಕೆಳಗಾಗಿ ನೆಟ್ಟಗೆ ನಿಂತಿತು. ಬೆಳಗಿನ ಬಿಸಿಲು ಇನ್ನೂ ಬೀದಿಗೆ ಇಳಿದಿರಲಿಲ್ಲ. ಅಗ್ಗವೆಂದು ತಂದಿದ್ದ ಎಕ್ಸ್-ರೇ ಫಿಲ್ಮಿನ ಹಾಳೆಯಿಟ್ಟು, ಮಸೂರದ ಮುಚ್ಚಳ ತೆಗೆದು, ಎರಡು ಸೆಕೆಂಡು ಎಣಿಸಿ ಮುಚ್ಚಿದ. ಹೀಗೆ ನಾಲ್ಕು ಹಾಳೆ.

ತಾಗುಮುದ್ರಣದ ಆ ಚಿತ್ರವನ್ನು ಅಣ್ಣತಮ್ಮಂದಿರು ಮೂವರೂ ಒಂದು ಮೇಜಿನ ಸುತ್ತ ನಿಂತು ನೋಡಿದರು. ಹಿರಿಯಣ್ಣ ಭೂತಗನ್ನಡಿಯನ್ನು ಎಡಗಡೆಯ ಎರಡನೆಯ ಕಂಬದ ಮೇಲೆ ನಿಲ್ಲಿಸಿ ಬಹಳ ಹೊತ್ತು ಏನೂ ಮಾತನಾಡಲಿಲ್ಲ. ಹತ್ತು ವರ್ಷದ ಹುಡುಗನಾಗಿದ್ದಾಗ ಚಾಕುವಿನಿಂದ ಅಲ್ಲಿ ಕೆತ್ತಿ, ತಾತನಿಂದ ಏಟು ತಿಂದಿದ್ದ ತನ್ನ ಹೆಸರಿನ ಮೂರು ಅಕ್ಷರಗಳು ಅಲ್ಲಿದ್ದವು. ಮೇಲೆ ಬಲಮೂಲೆಯಲ್ಲಿ ತೆಂಗಿನ ಗರಿಗಳು ಮಾತ್ರ ಸ್ವಲ್ಪ ಕಲಸಿಕೊಂಡಿವೆ. ಅದು ಗಾಜಿನ ದೋಷವೋ, ಆ ಎರಡು ಸೆಕೆಂಡಿನಲ್ಲಿ ಬೀಸಿದ ಗಾಳಿಯೋ ಎಂದು ತಿಳಿಯಲು ನಮ್ಮ ಗೃಹಸ್ಥ ಉಳಿದ ಮೂರು ಹಾಳೆಗಳನ್ನೂ ದೀಪಕ್ಕೆ ಹಿಡಿದು ಒಂದೊಂದಾಗಿ ಹೋಲಿಸಿ ನೋಡುತ್ತಿದ್ದ.